ವಿಲಿಯಂ ಟೆಲ್ ಚಾರಿತ್ರಿಕ ವ್ಯಕ್ತಿಯೇ? ಸ್ವಿಸ್ ಒಕ್ಕೂಟದ ಹುಟ್ಟಿಗೆ ಎರಡು ಇಸವಿಗಳೇಕೆ?

ಪ್ರಶ್ನೆ: ಇತಿಹಾಸವಿದ್ಯಾರ್ಥಿ

ಊರಿ ಪ್ರಾಂತ್ಯದ ಆಲ್ಟ್‌ಡಾರ್ಫ್‌ನಲ್ಲಿ ಹಾಬ್ಸ್‌ಬರ್ಗ್ ದೊರೆಗಳ ಅಧಿಕಾರಿ ಗೆಸ್ಲರ್ ಕಂಬದ ತುದಿಗೆ ಏರಿಸಿದ್ದ ಟೋಪಿಗೆ ನಮಸ್ಕರಿಸಲು ಒಪ್ಪದ ವಿಲಿಯಂ ಟೆಲ್, ಅದಕ್ಕೆ ಶಿಕ್ಷೆಯಾಗಿ ತನ್ನ ಮಗನ ತಲೆಯ ಮೇಲಿಟ್ಟ ಸೇಬಿಗೆ ಅಡ್ಡಬಿಲ್ಲಿನಿಂದ ಗುರಿಯಿಟ್ಟು ಹೊಡೆದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆತ ನಿಜವಾಗಿಯೂ ಬದುಕಿದ್ದನೆನ್ನಲು ಆಧಾರಗಳಿವೆಯೇ? ಆಲ್ಟ್‌ಡಾರ್ಫ್‌ನ ಸ್ಮಾರಕದ ಮೇಲೆ 1307 ಎಂಬ ಇಸವಿ ಇರುವಾಗ, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ದಿನವನ್ನು 1291ಕ್ಕೆ ಜೋಡಿಸಿರುವುದೇಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯಕಡತ

ಟೆಲ್ ಬದುಕಿದ್ದನೆನ್ನಲಾದ ಕಾಲದ ಯಾವ ದಾಖಲೆಯಲ್ಲೂ ಅವನ ಹೆಸರಿಲ್ಲ. ಕಥೆಯು ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು 1470ರ ಸುಮಾರಿಗೆ, ಸಾರ್ನೆನ್‌ನ 'ಬಿಳಿಯ ಪುಸ್ತಕ'ವೆಂಬ ಕೈಬರಹದ ಸಂಗ್ರಹದಲ್ಲಿ. ಅಂದರೆ ಘಟನೆ ನಡೆಯಿತೆನ್ನಲಾದ ಕಾಲಕ್ಕೂ ಬರಹಕ್ಕೂ ನಡುವೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಅಂತರವಿದೆ. ಅದಕ್ಕಿಂತ ಬಹಳ ಹಿಂದೆಯೇ, 1200ರ ಆಸುಪಾಸಿನಲ್ಲಿ, ಡೆನ್ಮಾರ್ಕಿನ ಚರಿತ್ರಕಾರ ಸ್ಯಾಕ್ಸೋ ಗ್ರಮಾಟಿಕಸ್ ಟೋಕೋ ಎಂಬ ಬಿಲ್ಲುಗಾರನ ಕಥೆ ಬರೆದಿದ್ದ. ಅಲ್ಲಿಯೂ ರಾಜನ ಆಜ್ಞೆ, ಮಗನ ತಲೆಯ ಮೇಲಿನ ಸೇಬು, ಗುರಿ ತಪ್ಪಿದ್ದರೆ ರಾಜನಿಗೇ ಹೊಡೆಯಲೆಂದು ತೆಗೆದಿಟ್ಟುಕೊಂಡ ಹೆಚ್ಚುವರಿ ಬಾಣಗಳು, ಎಲ್ಲವೂ ಇವೆ. ಇಷ್ಟು ಹತ್ತಿರದ ಹೋಲಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. 1760ರಲ್ಲಿ ಈ ಕಥೆಯನ್ನು ಡೆನ್ಮಾರ್ಕಿನ ಕಟ್ಟುಕಥೆಯೆಂದು ಕರೆದ ಕಿರುಹೊತ್ತಗೆಯೊಂದು ಪ್ರಕಟವಾದಾಗ ಊರಿಯ ಆಡಳಿತವು ಅದನ್ನು ಬಹಿರಂಗವಾಗಿ ಸುಡಿಸಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆಯಾದರೂ, ಬೆಂಕಿಯಿಂದ ಪುರಾವೆ ಹುಟ್ಟುವುದಿಲ್ಲ.

ಉತ್ತರ: ಚರ್ಮಪತ್ರ

ಇಸವಿಗಳ ವಿಷಯ ಹೀಗಿದೆ. 16ನೆಯ ಶತಮಾನದ ಚರಿತ್ರಕಾರ ಎಗಿಡಿಯಸ್ ಚೂಡಿ ಈ ಘಟನೆಗಳನ್ನೆಲ್ಲ 1307ರ ನವೆಂಬರ್‌ಗೆ ಹೊಂದಿಸಿದ; ಜನಮನದಲ್ಲಿ ನೆಲೆನಿಂತದ್ದು ಅದೇ ಇಸವಿ. 1291ರ ಆಧಾರ ಬೇರೆಯೇ: ಊರಿ, ಶ್ವೀಟ್ಸ್ ಮತ್ತು ಉಂಟರ್‌ವಾಲ್ಡನ್ ಕಣಿವೆಗಳ ಜನ ಪರಸ್ಪರ ನೆರವಿಗೆ ಮಾಡಿಕೊಂಡ ಒಪ್ಪಂದದ ಲ್ಯಾಟಿನ್ ಪತ್ರ. ಅದು ಈಗ ಶ್ವೀಟ್ಸ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಹಾಳೆಯ ಚರ್ಮಪತ್ರ, ಕೆಳಗೆ ತೂಗುವ ಎರಡು ಮುದ್ರೆಗಳು. ಮೂರನೆಯದಾದ ಶ್ವೀಟ್ಸ್‌ನ ಮುದ್ರೆ ಕಳೆದುಹೋಗಿದೆ. ಹಣ ಕೊಟ್ಟು ಹುದ್ದೆ ಪಡೆದ ಅಥವಾ ತಮ್ಮ ಕಣಿವೆಯವನಲ್ಲದ ನ್ಯಾಯಾಧೀಶನನ್ನು ಒಪ್ಪುವುದಿಲ್ಲ ಎನ್ನುವ ಆ ಪತ್ರದಲ್ಲಿ ಟೆಲ್ ಇಲ್ಲ, ಗೆಸ್ಲರ್ ಇಲ್ಲ, ಮೂರು ಕಣಿವೆಗಳವರು ರೂಟ್ಲಿ ಹುಲ್ಲುಗಾವಲಿನಲ್ಲಿ ಕೂಡಿ ಮಾಡಿದರೆನ್ನಲಾದ ಪ್ರತಿಜ್ಞೆಯೂ ಇಲ್ಲ. 'ಆಗಸ್ಟ್ ತಿಂಗಳ ಆರಂಭ' ಎಂದಷ್ಟೇ ಬರೆದಿರುವುದರಿಂದ 1891ರ ಆರುನೂರನೆಯ ವರ್ಷದ ಆಚರಣೆಗೆ ಆಗಸ್ಟ್ 1ನ್ನು ಆರಿಸಲಾಯಿತು. ಆ ದಿನ ದೇಶಕ್ಕೆಲ್ಲ ಸಾರ್ವಜನಿಕ ರಜೆಯಾದದ್ದು 1994ರಿಂದ.

ಉತ್ತರ: ಕಥಾಕುತೂಹಲಿ

ಮೇಲಿನ ಇಬ್ಬರ ಮಾತೂ ಸರಿ. ಆದರೆ ದಾಖಲೆಯಿಲ್ಲವೆಂದು ಟೆಲ್‌ನನ್ನು ಬದಿಗಿಟ್ಟರೆ ಸ್ವಿಸ್ ಇತಿಹಾಸದ ಒಂದು ಮುಖ್ಯ ಭಾಗವೇ ಕೈತಪ್ಪುತ್ತದೆ. 1653ರಲ್ಲಿ ಎಂಟ್ಲೆಬುಖ್ ಕಣಿವೆಯ ರೈತರು ಬಂಡೆದ್ದದ್ದು ಹೊರಗಿನ ಹಾಬ್ಸ್‌ಬರ್ಗ್ ದೊರೆಗಳ ವಿರುದ್ಧವಲ್ಲ, ತಮ್ಮನ್ನಾಳುತ್ತಿದ್ದ ಲುಸರ್ನ್ ನಗರದ ಆಡಳಿತದ ವಿರುದ್ಧ. ಆ ದಂಗೆಯಲ್ಲಿ 'ಟೆಲ್‌ಗಳು' ಎನಿಸಿಕೊಂಡ ಮೂವರು ಹಳೆಯ ಕಾಲದ ಉಡುಪು ತೊಟ್ಟು ಮುಂದೆ ನಿಂತಿದ್ದರು. ಒಕ್ಕೂಟದ ಒಳಗೇ ಆಳುವವರಿದ್ದರು, ಆಳಿಸಿಕೊಳ್ಳುವವರೂ ಇದ್ದರು ಎಂಬ ಸತ್ಯ ಇಲ್ಲಿ ಬಯಲಾಗುತ್ತದೆ. 1798ರಲ್ಲಿ ಫ್ರೆಂಚ್ ಸೇನೆಯ ಬೆಂಬಲದಿಂದ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಹೆಲ್ವೆಟಿಕ್ ಗಣರಾಜ್ಯವು ಅದೇ ಟೆಲ್‌ನನ್ನು ತನ್ನ ಸರ್ಕಾರಿ ಮುದ್ರೆಗೆ ಏರಿಸಿತು. ಒಂದೇ ಬಿಲ್ಲುಗಾರ ಒಮ್ಮೆ ಬಂಡಾಯದ ಗುರುತು, ಇನ್ನೊಮ್ಮೆ ಸರ್ಕಾರದ ಗುರುತು. ಆತ ಬದುಕಿದ್ದನೇ ಎಂಬುದಕ್ಕಿಂತ, ಯಾವ ಕಾಲದಲ್ಲಿ ಯಾರು ಯಾರ ವಿರುದ್ಧ ಅವನ ಹೆಸರು ಹಿಡಿದರು ಎಂಬುದೇ ಹೆಚ್ಚು ಫಲ ಕೊಡುವ ಪ್ರಶ್ನೆಯೆಂದು ನನ್ನ ದೃಢ ಅಭಿಪ್ರಾಯ.

ಇತಿಹಾಸವಿದ್ಯಾರ್ಥಿ

ಮೂವರಿಗೂ ಧನ್ಯವಾದಗಳು. ಐದು ಫ್ರಾಂಕ್ ನಾಣ್ಯದ ಮೇಲಿರುವವನೂ ಟೆಲ್‌ನೇ ಎಂದು ಹಲವೆಡೆ ಬರೆದಿರುವುದು ಸರಿಯೇ?

ಹಳೆಯಕಡತ

ಸರಿಯಲ್ಲ. ಪಾಲ್ ಬುರ್ಖಾರ್ಡ್ ವಿನ್ಯಾಸಗೊಳಿಸಿದ, 1922ರಿಂದ ಬಂದಿರುವ ಆ ನಾಣ್ಯದಲ್ಲಿರುವುದು ಆಲ್ಪ್ಸ್ ಪರ್ವತದ ಹೆಸರಿಲ್ಲದ ಒಬ್ಬ ದನಗಾಹಿ. ಅವನ ಅಂಗಿಗೆ ಕುಲಾವಿಯಿದೆ, ಕೈಯಲ್ಲಿ ಬಿಲ್ಲಿಲ್ಲ. ಟೆಲ್‌ನನ್ನೇ ನೋಡಬೇಕೆಂದರೆ ರಿಚರ್ಡ್ ಕಿಸ್ಲಿಂಗ್ 1895ರಲ್ಲಿ ಪೂರೈಸಿದ ಆಲ್ಟ್‌ಡಾರ್ಫ್‌ನ ಪ್ರತಿಮೆಯ ಚಿತ್ರ ನೋಡಿ: ಹೆಗಲ ಮೇಲೆ ಅಡ್ಡಬಿಲ್ಲು, ಪಕ್ಕದಲ್ಲಿ ಮಗ.