ಅಮ್ಮನನ್ನು ವೀಲ್‌ಚೇರಿನಲ್ಲಿ ಬೇಕಲ ಕೋಟೆಗೆ ಕರೆದುಕೊಂಡು ಹೋಗಬಹುದಾ?

ಕದ್ರಿಯ ಮಗಳು

ನಾವು ಮಂಗಳೂರಿನ ಕದ್ರಿ ಹತ್ತಿರ ಇರುವುದು. ಅಮ್ಮನಿಗೆ 74 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗಾಲು ಸರಿಯಾಗಿ ಊರಲು ಆಗುವುದಿಲ್ಲ. ಮನೆಯೊಳಗೆ ವಾಕರ್ ಸಾಕು, ಹೊರಗೆ ಹೋದರೆ ವೀಲ್‌ಚೇರ್ ಬೇಕೇ ಬೇಕು. ಕೈ ಹಿಡಿದರೆ ಮೂರು ನಾಲ್ಕು ಮೆಟ್ಟಿಲು ಹತ್ತುತ್ತಾರೆ, ಅದಕ್ಕಿಂತ ಜಾಸ್ತಿ ನಾನೇ ಬಿಡುವುದಿಲ್ಲ.

ಅವರ ತವರು ಕಾಸರಗೋಡು ಕಡೆ. ಸಣ್ಣದಿರುವಾಗ ಶಾಲೆಯಿಂದ ಬೇಕಲ ಕೋಟೆಗೆ ಕರೆದುಕೊಂಡು ಹೋಗಿದ್ದರಂತೆ, ಆಮೇಲೆ ಹೋಗಿಯೇ ಇಲ್ಲ. ಈಗ ಟಿವಿಯಲ್ಲಿ ಸಮುದ್ರ ಕಂಡರೆ ಸಾಕು, ಬೇಕಲದ ಸುದ್ದಿ ತೆಗೆಯುತ್ತಾರೆ. ಮಳೆ ಮುಗಿದ ಮೇಲೆ ಕರೆದುಕೊಂಡು ಹೋಗೋಣ ಅಂತ ಅಂದುಕೊಂಡಿದ್ದೇನೆ.

ನೆಟ್‌ನಲ್ಲಿ ಹುಡುಕಿದರೆ ಡ್ರೋನ್ ವಿಡಿಯೋ, ಸೂರ್ಯಾಸ್ತ, ಮದುವೆ ಜೋಡಿಗಳ ಫೋಟೋ ಎಲ್ಲ ಸಿಗುತ್ತದೆ, ಆದರೆ ಗೇಟಿನಿಂದ ಒಳಗೆ ಹೋಗಲು ಮೆಟ್ಟಿಲು ಉಂಟಾ, ಚೇರ್ ಹೋಗುವಷ್ಟು ದಾರಿ ಉಂಟಾ ಅಂತ ಒಬ್ಬರೂ ಹೇಳುವುದಿಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ತಿಳಿಸಿ. ಟಾಯ್ಲೆಟ್ ಬಗ್ಗೆಯೂ ಹೇಳಿ ಪ್ಲೀಸ್. ಕಳೆದ ವರ್ಷ ಒಂದು ಪಾರ್ಕಿಗೆ ಹೋಗಿದ್ದೆವು, ಹೆಸರು ಬೇಡ, ಬಾಗಿಲ ಮೇಲೆ ವೀಲ್‌ಚೇರಿನ ದೊಡ್ಡ ಚಿತ್ರ ಇತ್ತು. ಬಾಗಿಲಿಗೆ ಬೀಗ. ಕೀ ಇದ್ದವರು ಊಟಕ್ಕೆ ಹೋಗಿದ್ದರು. ಅವರು ಬಂದು ತೆಗೆದಾಗ ಒಳಗೆ ಹಿಡಿಸೂಡಿ, ಬಕೆಟ್, ಗೊಬ್ಬರದ ಚೀಲ. ಅಮ್ಮ ಅವತ್ತಿನಿಂದ ಹೊರಗೆ ಹೊರಡುವ ದಿನ ನೀರೇ ಕುಡಿಯುವುದಿಲ್ಲ.

ಉದುಮದವ

ಅಕ್ಕ, ಧಾರಾಳ ಹೋಗಬಹುದು. ಆದರೆ ಇಡೀ ಕೋಟೆ ತೋರಿಸುತ್ತೇನೆ ಅಂತ ಹೊರಡಬೇಡಿ. 40 ಎಕರೆ ಜಾಗ ಅದು, ನಡೆಯುವವರಿಗೇ ಸುಸ್ತಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ನಾನು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ, ಅವರದ್ದೂ ವೀಲ್‌ಚೇರೇ. ಕಷ್ಟ ಇರುವುದು ಶುರುವಿನಲ್ಲಿ. ಮುಖ್ಯಪ್ರಾಣ ದೇವಸ್ಥಾನದ ಹತ್ತಿರ ಕೋಟೆಯ ಬಾಗಿಲು. ಅಲ್ಲಿ ದಾರಿ ನೇರ ಇಲ್ಲ, ತಿರುಗಿ ತಿರುಗಿ ಒಳಗೆ ಹೋಗುತ್ತದೆ, ನೆಲದ ಕಲ್ಲೂ ಸಮ ಇಲ್ಲ. ಇಬ್ಬರು ಬೇಕು, ಒಬ್ಬರು ಹಿಂದೆ, ಒಬ್ಬರು ಮುಂದೆ. ಒಳಗೆ ಹೋದ ಮೇಲೆ ಅಗಲದ ಬಯಲು, ಹುಲ್ಲುಹಾಸು, ನಡೆಯುವ ದಾರಿ. ಅಲ್ಲಿ ಅತ್ತೆಯವರಿಗೆ ಖುಷಿಯೋ ಖುಷಿ. ಸಮುದ್ರದ ಕಡೆಯ ಕೊತ್ತಳಕ್ಕೆ ಇಳಿಯಲು ಮೆಟ್ಟಿಲು, ಅದನ್ನು ಮರೆತುಬಿಡಿ.

ಒಂದು ಕಿವಿಮಾತು. ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ನಾಲ್ಕೂ ಚಕ್ರ ಸಣ್ಣ ಇರುವ ಚೇರ್, ಅದನ್ನು ತರಬೇಡಿ. ಹಿಂದಿನ ಚಕ್ರ ದೊಡ್ಡದಿರುವುದೇ ಆಗಬೇಕು. ಹುಲ್ಲಿನ ಮೇಲೆ, ಕಲ್ಲಿನ ಸಂದಿಯಲ್ಲಿ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಆಗ ಚೇರನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ದೊಡ್ಡ ಚಕ್ರದ ಮೇಲೆಯೇ ತಳ್ಳಬೇಕು. ಮೊದಲೇ ಅಮ್ಮನಿಗೆ ಹೇಳಿ, ಇಲ್ಲದಿದ್ದರೆ ಬಿದ್ದೇ ಹೋದೆ ಅಂತ ಹೆದರಿಕೊಳ್ಳುತ್ತಾರೆ.

ಕಾರಿನಲ್ಲಿ ಬರುವುದಾದರೆ ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಕರಾವಳಿ ರಸ್ತೆ ಹಿಡಿಯಿರಿ, ಮೇಲ್ಪರಂಬ, ಉದುಮ, ಪಾಲಕುನ್ನು, ಆಮೇಲೆ ಬೇಕಲ. ಬೇಕಲ್ ಫೋರ್ಟ್ ಅಂತ ರೈಲ್ವೇ ಸ್ಟೇಷನ್ ಕೂಡ ಉಂಟು, ಆದರೆ ಎಲ್ಲ ರೈಲು ನಿಲ್ಲುವುದಿಲ್ಲ, ವೀಲ್‌ಚೇರ್ ಇಟ್ಟುಕೊಂಡು ಆ ರಗಳೆ ಬೇಡ. ಟಾಯ್ಲೆಟ್ ವಿಷಯದಲ್ಲಿ ನಾವು ರಿಸ್ಕ್ ತೆಗೆದುಕೊಳ್ಳಲಿಲ್ಲ, ದಾರಿಯಲ್ಲಿ ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಿ, ಎಲ್ಲ ಮುಗಿಸಿಯೇ ಕೋಟೆಗೆ ಹೋದೆವು.

ಮುರಕಲ್ಲು

ಮೇಲಿನವರು ಹೇಳಿದ ತಿರುವು ಬಾಗಿಲು ಸುಮ್ನೆ ಮಾಡಿದ್ದಲ್ಲ. ಶತ್ರುಗಳು ಆನೆಯನ್ನೋ ದೊಡ್ಡ ಮರದ ದಿಮ್ಮಿಯನ್ನೋ ತಂದು ಓಡಿ ಬಂದು ಗುದ್ದಬಾರದು ಅಂತ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆ. ಒಳಗೆ ಅರಮನೆ ಇಲ್ಲ, ಪೂರ್ತಿ ಯುದ್ಧಕ್ಕೇ ಕಟ್ಟಿದ್ದು. ಹೊರಗಿನವರು ಸುಲಭದಲ್ಲಿ ಒಳಗೆ ಬರಬಾರದು ಅನ್ನುವುದೇ ಅದರ ಲೆಕ್ಕಾಚಾರ. 370 ವರ್ಷ ಕಳೆದು ಆ ಲೆಕ್ಕಾಚಾರ ನಿಮ್ಮ ಅಮ್ಮನ ಚೇರಿಗೆ ಅಡ್ಡ ಬಂದಿದೆ!

ಆದರೆ ನಡುವಿನ ವೀಕ್ಷಣಾ ಬುರುಜು ನೋಡಿ. ಟಿಪ್ಪು ಕಾಲದ್ದು ಅನ್ನುತ್ತಾರೆ. ಅದಕ್ಕೆ ಹತ್ತಲು ಅಗಲದ ಇಳಿಜಾರು ದಾರಿ ಉಂಟು. ಭಾರದ ಫಿರಂಗಿ, ಮದ್ದುಗುಂಡು ಮೆಟ್ಟಿಲಿನಲ್ಲಿ ಹತ್ತುವುದಿಲ್ಲವಲ್ಲ, ಎಳೆದುಕೊಂಡು ಹೋಗಲು ಇಳಿಜಾರೇ ಬೇಕು. ಅಂದರೆ ರ‍್ಯಾಂಪ್ ಅನ್ನುವುದು ಕೋಟೆಗೆ ಹೊಸದಲ್ಲ, ಮನುಷ್ಯರಿಗೆ ಮಾಡಿದ್ದಲ್ಲ ಅಷ್ಟೇ.

ಅದನ್ನು ನೋಡಿ ಆಸೆಪಟ್ಟು ಚೇರ್ ತಳ್ಳಿಕೊಂಡು ಹತ್ತಬೇಡಿ ಮಾತ್ರ. ವೀಲ್‌ಚೇರಿಗೆ 1:12 ಲೆಕ್ಕ, ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. 30 ಅಡಿ ಏರಬೇಕಾದರೆ 360 ಅಡಿ ಉದ್ದ, ನಡುನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ಬುರುಜಿನ ದಾರಿ ಅದಕ್ಕಿಂತ ತುಂಬಾ ಕಡಿದು. ಸ್ವಲ್ಪ ದೂರ ಹೋಗಲೇಬೇಕು ಅಂದರೆ ಇಬ್ಬರು ಗಟ್ಟಿ ಹುಡುಗರು ಜೊತೆಗಿರಲಿ, ಇಳಿಯುವಾಗ ಚೇರನ್ನು ಹಿಂದುಮುಂದಾಗಿ ಇಳಿಸಿ. ಅಮ್ಮನ ಮುಖ ಬುರುಜಿನ ಕಡೆಗೇ ಇರಬೇಕು. ಮಳೆ ನಿಂತ ತಕ್ಷಣವೂ ಹೋಗಬೇಡಿ. ಮುರಕಲ್ಲಿನ ಮೇಲೆ ಪಾಚಿ ಒಣಗಲು ಸಮಯ ಬೇಕು, ಡಿಸೆಂಬರ್ ಜನವರಿ ಒಳ್ಳೆಯದು.

ಸುಮ್ನೆ ಕೇಳಿದೆ

ಬೇಸರ ಮಾಡಬೇಡಿ, ಇಷ್ಟೆಲ್ಲ ಯಾಕೆ? ಹಳೆಯ ಕೋಟೆಗೆ ಲಿಫ್ಟ್ ಹಾಕಲು ಆಗುತ್ತದಾ? ವಯಸ್ಸಾದವರಿಗೆ ಮನೆಯಲ್ಲೇ ದೊಡ್ಡ ಟಿವಿಯಲ್ಲಿ ವಿಡಿಯೋ ತೋರಿಸಿದರೆ ಆಯಿತು.

ಮಣಿಪಾಲದ ಅಜ್ಜ

ಲಿಫ್ಟ್ ಯಾರು ಕೇಳಿದರು ಮಾರಾಯ್ರೇ? ನನಗೂ 70 ದಾಟಿತು, ನಾಳೆಯಿಂದ ಟಿವಿ ಮುಂದೆ ಕೂರಬೇಕಾ?

ನನ್ನ ಮಗಳು ಎಡಿನ್‌ಬರೋದಲ್ಲಿ ಇರುವುದು. ಅಲ್ಲಿಯ ಕೋಟೆ ಬಂಡೆಯ ತಲೆಯ ಮೇಲೆ ಕೂತಿದೆ, ಕಡಿದಾದ ಏರು, ನೆಲಕ್ಕೆಲ್ಲ ಉರುಟು ಕಲ್ಲು. ಮೊಣಕಾಲು ನೋವಿನವರಿಗೆ ನರಕ. ಅವರು ಕೋಟೆ ಒಡೆಯಲಿಲ್ಲ. ನಡೆಯಲು ಕಷ್ಟ ಇರುವವರನ್ನು ಮೇಲಕ್ಕೆ ಬಿಡಲು ಒಂದು ಗಾಡಿ ಇಟ್ಟಿದ್ದಾರೆ. ನೋಡಿಕೊಳ್ಳಲು ಜೊತೆಗೆ ಬಂದವರಿಗೆ ಟಿಕೆಟ್ ಇಲ್ಲ. ಎಲ್ಲಿ ಏರು, ಎಲ್ಲಿ ಮೆಟ್ಟಿಲು, ಯಾವ ಕೋಣೆಗೆ ಚೇರ್ ಹೋಗುವುದಿಲ್ಲ ಅಂತ ಮೊದಲೇ ಬರೆದು ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಅದನ್ನು ಓದಿಯೇ ನಾನು ಒಂದು ಕಡೆಗೆ ಹೋಗಲಿಲ್ಲ. ಹೋಗಲಿಲ್ಲ ಅಂತ ಬೇಸರವೂ ಆಗಲಿಲ್ಲ, ಗೊತ್ತಿತ್ತಲ್ಲ. ಕದ್ರಿಯ ತಂಗಿ ಕೇಳುತ್ತಿರುವುದೂ ಅಷ್ಟನ್ನೇ ಅಲ್ವಾ?

ಇನ್ನು ಕಾನೂನು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದಲ್ಲಿ ಎಲ್ಲರೂ ಬಳಸುವ ಹಾಗೆ ಮಾಡಬೇಕು ಅಂತ ಅದರಲ್ಲಿದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಬರೀ ಸಲಹೆಯ ರೂಪದ ನಿಯಮ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರ ಸರಕಾರಕ್ಕೆ ಹೇಳಿತು. ಬೇಕಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಕಲ್ಲು ಕೀಳುವ ಹಾಗಿಲ್ಲ, ಒಪ್ಪುತ್ತೇನೆ. ಮರದ ರ‍್ಯಾಂಪ್ ಇಡಬಹುದಲ್ಲ? ಬೇಡವಾದಾಗ ಎತ್ತಿ ಬದಿಗಿಟ್ಟರೆ ಆಯಿತು.

ಸುಮ್ನೆ ಕೇಳಿದೆ

ಸರಿ ಸರ್, ತಪ್ಪಾಯಿತು. ವೆಬ್‌ಸೈಟಿನಲ್ಲಿ ಬರೆಯುವುದಕ್ಕೆ ಖರ್ಚಿಲ್ಲ, ಅದು ನಿಜ.

ಉಡುಪಿ ಮೇಷ್ಟ್ರು

ನಾನು ಕಣ್ಣು ಕಾಣದವನು, ಇದನ್ನೆಲ್ಲ ಮೊಬೈಲ್ ಓದಿ ಹೇಳುತ್ತದೆ. ವೀಲ್‌ಚೇರಿನವರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ.

ಕೋಟೆಗೆ ನಾನು ಹೋದರೆ ಎಲ್ಲರೂ ಪಾಪ ಅನ್ನುತ್ತಾರೆ, ಏನು ನೋಡುತ್ತೀರಿ ಅಂತ. ಬೇಕಲದಲ್ಲಿ ನನಗೆ ಇಷ್ಟವಾದದ್ದು ಗೋಡೆ. ಮುರಕಲ್ಲಿನ ತೂತುಗಳಲ್ಲಿ ಬೆರಳು ಓಡಿಸುತ್ತಾ ಹೋದರೆ ಬಿಸಿಲು ಬಿದ್ದ ಕಡೆ ಬೆಚ್ಚಗೆ, ನೆರಳಿಗೆ ಬಂದ ಕೂಡಲೇ ತಣ್ಣಗೆ. ಬಾಗಿಲಿನ ತಿರುವಿನಲ್ಲಿ ಸಮುದ್ರದ ಸದ್ದು ಪೂರ್ತಿ ನಿಂತುಹೋಗುತ್ತದೆ, ಒಳಗೆ ಬಯಲಿಗೆ ಬಂದರೆ ಗಾಳಿ ಮುಖಕ್ಕೇ ಹೊಡೆಯುತ್ತದೆ. ಕೋಟೆ ಕೀಲಿಕೈಯ ತೂತಿನ ಆಕಾರದಲ್ಲಿದೆ ಅಂತ ಗೆಳೆಯ ನನ್ನ ಅಂಗೈಯಲ್ಲಿ ಗೀಚಿ ತೋರಿಸಿದ. ಟಿಕೆಟ್ ಕೌಂಟರಿನ ಬಳಿ ಕೈಯಿಂದ ಮುಟ್ಟಿ ನೋಡುವ ಒಂದು ಮಾದರಿ ಇಟ್ಟರೆ ಸಾಕು, ಇಡೀ ಕೋಟೆ ನನಗೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕಣ್ಣಿರುವ ಮಕ್ಕಳಿಗೂ ಆಗುತ್ತದೆ.

ಅಕ್ಕ, ನಿಮ್ಮ ಅಮ್ಮನಿಗೂ ಗೋಡೆ ಮುಟ್ಟಲು ಬಿಡಿ. ಚೇರನ್ನು ಯಾವಾಗಲೂ ದಾರಿಯ ನಡುವೆಯೇ ತಳ್ಳುತ್ತಾರೆ, ಬದಿಯ ವಸ್ತು ಕೈಗೆ ಸಿಗುವುದೇ ಇಲ್ಲ.

ಬೋಳೂರು ದೋಣಿ

ಬೇಕಲಕ್ಕೆ ಹೋಗುವ ಮೊದಲು ಒಂದು ಸಂಜೆ ನಮ್ಮ ಸುಲ್ತಾನ್ ಬತ್ತೇರಿಗೆ ಬನ್ನಿ, ಚೇರ್ ತಳ್ಳಿ ಅಭ್ಯಾಸವಾಗುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಗುರುಪುರ ನದಿಗೆ ಯುದ್ಧದ ಹಡಗು ನುಗ್ಗಬಾರದು ಅಂತ. ಮೇಲೆ ಹತ್ತಲು ಮೆಟ್ಟಿಲು, ಅಮ್ಮನಿಗೆ ಆಗುವುದಿಲ್ಲ. ಆದರೆ ಕೆಳಗೆ ನದಿ ದಡದಲ್ಲಿ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ತಣ್ಣೀರುಬಾವಿಗೆ ಹೋಗುವ ದೋಣಿಗೆ ಮಾತ್ರ ಚೇರ್ ಹತ್ತಿಸಬೇಡಿ, ಅಲುಗಾಡುತ್ತದೆ.

ಕದ್ರಿಯ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಜನವರಿಯಲ್ಲಿ ಹೋಗಿ ಬಂದೆವು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೇಗ ಹೊರಟೆವು, ನಾನು, ನಮ್ಮವರು, ಅಣ್ಣನ ಮಗ. ಬಾಗಿಲಿನ ತಿರುವಿನಲ್ಲಿ ಎರಡು ಕಡೆ ಚೇರನ್ನು ಎತ್ತಬೇಕಾಯಿತು. ಯಾರೋ ಗುರುತಿಲ್ಲದ ಇಬ್ಬರು ಹುಡುಗರು ನಾವು ಕೇಳುವ ಮೊದಲೇ ಬಂದು ಕೈಕೊಟ್ಟರು. ಒಳಗೆ ತೊಂದರೆ ಇಲ್ಲ. ನೆರಳು ಕಮ್ಮಿ, ಹತ್ತು ಗಂಟೆ ದಾಟಿದ ಮೇಲೆ ಬಿಸಿಲು ಜೋರು, ಕೊಡೆ ಮರೆಯಬೇಡಿ. ಚೇರಿಗೆ ಕಟ್ಟುವ ಬೆಲ್ಟ್ ಇದ್ದರೆ ಒಳ್ಳೆಯದು, ನಾವು ಅಮ್ಮನ ಹಳೆಯ ಶಾಲನ್ನೇ ಕಟ್ಟಿದೆವು.

ಬುರುಜಿನ ಬುಡಕ್ಕೆ ಬಂದಾಗ ಅಮ್ಮ ಚೇರ್ ನಿಲ್ಲಿಸಲು ಹೇಳಿದರು. ಇದೇ ಇಳಿಜಾರಿನಲ್ಲಿ ಓಡಿ ಇಳಿದು ಮೊಣಕಾಲು ತರಚಿಕೊಂಡದ್ದಂತೆ, ಟೀಚರ್ ಹತ್ತಿರ ಬೈಗುಳ ಬೇರೆ. ಈ ಕಥೆ ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ನಮ್ಮವರು ಸ್ವಲ್ಪ ದೂರ ತಳ್ಳುತ್ತೇನೆ ಅಂದರು, ಅಮ್ಮ ಬೇಡವೇ ಬೇಡ ಅಂದರು. ಅಣ್ಣನ ಮಗ ಮೇಲೆ ಹತ್ತಿ ವಿಡಿಯೋ ಕಾಲ್ ಮಾಡಿದ. ಅಮ್ಮ ಕೆಳಗಿನಿಂದಲೇ "ಎಡಕ್ಕೆ ತಿರುಗಿಸು, ಅಲ್ಲ, ಇನ್ನೂ ಎಡಕ್ಕೆ, ನನಗೆ ತೆಂಗಿನ ತೋಟ ಬೇಡ, ಸಮುದ್ರ ತೋರಿಸು" ಅಂತ ಇಡೀ ಬಯಲಿಗೆ ಕೇಳುವ ಹಾಗೆ ಜೋರು ಮಾಡುತ್ತಿದ್ದರು. ಮೇಷ್ಟ್ರೇ, ಗೋಡೆಯನ್ನೂ ಮುಟ್ಟಿಸಿದೆವು. ಎಡಗೈಯಿಂದಲೂ ಮುಟ್ಟಿದರು, ಆ ಕೈಗೆ ಸ್ಪರ್ಶ ಗೊತ್ತಾಗುವುದು ಕಮ್ಮಿ. ದೊರಗು ಉಂಟು ಅಂತ ಗೊತ್ತಾಯಿತು ಅಂದರು.

ಈಗ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅಂತ ಹೊಸ ರಾಗ ಶುರುವಾಗಿದೆ. ಅಲ್ಲಿ ಮೆಟ್ಟಿಲು ಎಷ್ಟು, ಹಿಡಿದುಕೊಳ್ಳಲು ಏನಾದರೂ ಉಂಟಾ? ಯಾರಾದರೂ ಎಣಿಸಿ ಹೇಳುತ್ತೀರಾ?