ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಬ್ಯಾಚ್‌ನ ವಾಟ್ಸಾಪ್ ಗುಂಪಿನಲ್ಲಿ 21 ದಿನದ ಪುಡಿ

ಮಂಜುನಾಥ: (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ)
ಗಂಡಸರೇ ಎಚ್ಚರ!! ನಿಮ್ಮ ವೀರ್ಯಾಣು ಅರ್ಧಕ್ಕೆ ಇಳಿದಿದೆ. ವಿದೇಶಿ ವಿಜ್ಞಾನಿಗಳೇ ಒಪ್ಪಿದ್ದಾರೆ. ಐವಿಎಫ್ ಆಸ್ಪತ್ರೆಗೆ ಲಕ್ಷಗಟ್ಟಲೆ ಸುರಿಯಬೇಡಿ. ಅಶ್ವಗಂಧ, ನಸುಗುನ್ನಿ ಬೀಜ, ಕಲ್ಲುಸಕ್ಕರೆ ಪುಡಿ ಮಾಡಿ ಹಾಲಿನಲ್ಲಿ 21 ದಿನ ಕುಡಿಯಿರಿ. ಕೌಂಟ್ ಮೂರು ಪಟ್ಟು ಗ್ಯಾರಂಟಿ. ನಾಚಿಕೆ ಬಿಟ್ಟು ಹಂಚಿ, ಒಂದು ಮನೆಯಲ್ಲಾದರೂ ತೊಟ್ಟಿಲು ಕಟ್ಟಲಿ 🙏🙏

ಪ್ರಸನ್ನ (ಅಡ್ಮಿನ್): ಮಂಜ, ಬೆಳಗ್ಗೆ ಆರಕ್ಕೇ ಶುರುವಾಯಿತಾ? ಹೆಣ್ಣುಮಕ್ಕಳೂ ಇರುವ ಗುಂಪಿದು.

ನಾಗರತ್ನ: ಇದ್ದರೆ ಏನೀಗ? ಮಕ್ಕಳಾಗದ ವಿಷಯ ಬಂದಾಗಲೆಲ್ಲ ಹೆಂಗಸರ ಬಗ್ಗೆ ಊರೆಲ್ಲ ಮಾತಾಡಿದೆ. ಒಂದು ದಿನ ನಿಮ್ಮ ಸರದಿಯೂ ಬರಲಿ ಬಿಡು.

ಶಿವಕುಮಾರ: ಮಂಜ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಚಿಕ್ಕಪ್ಪನ ಮಗ ಇದೇ ಪುಡಿ ತೆಗೆದುಕೊಂಡ. ಮೊದಲು ಕೌಂಟ್ 11 ಮಿಲಿಯನ್ ಇತ್ತು. ತಿಂಗಳಾಗುವುದರೊಳಗೆ 19. ರಿಪೋರ್ಟ್ ನನ್ನ ಕಣ್ಣಾರೆ ನೋಡಿದ್ದೇನೆ.

ಮಂಜುನಾಥ: 👆👆 ಕೇಳಿಸಿಕೊಳ್ಳಿ.

ಸವಿತಾ: ಲ್ಯಾಬ್‌ಗೆ ಹೊರಟಿದ್ದೆ, ಇದನ್ನು ನೋಡಿ ನಿಂತೆ. ಶಿವು, ಪುಡಿ ಒಳ್ಳೆಯದೋ ಕೆಟ್ಟದ್ದೋ ಆಮೇಲೆ. ಆ 21 ದಿನದ ಲೆಕ್ಕವೇ ಕೂಡುವುದಿಲ್ಲ. ಒಂದು ವೀರ್ಯಾಣು ವೃಷಣದಲ್ಲಿ ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ನಾಳದಲ್ಲಿ ಹಣ್ಣಾಗಿ ಹೊರಬರಲು ಇನ್ನೊಂದಿಷ್ಟು ದಿನ. ಇವತ್ತು ಡಬ್ಬಿಗೆ ಬಂದ ಸ್ಯಾಂಪಲ್ ಹೆಚ್ಚುಕಡಿಮೆ ಮೂರು ತಿಂಗಳ ಹಿಂದೆ ಶುರುವಾದದ್ದು. ನಿನ್ನ ತಮ್ಮ ಪುಡಿ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಆ 19 ಮಿಲಿಯನ್ ಆಗಲೇ ದಾರಿಯಲ್ಲಿತ್ತು.

ಶಿವಕುಮಾರ: ಹಾಗಾದರೆ 11 ಇದ್ದದ್ದು 19 ಹೇಗಾಯಿತು? ಗಾಳಿಯಲ್ಲಿ ಬಂತಾ?

ಸವಿತಾ: ಒಬ್ಬನೇ ಗಂಡಸು, ಎರಡು ವಾರದ ಅಂತರದಲ್ಲಿ ಎರಡು ಸಲ ಕೊಟ್ಟರೂ ಸಂಖ್ಯೆ ಬೇರೆ ಬರುತ್ತದೆ. ಅದಕ್ಕೇ ಮೊದಲ ರಿಪೋರ್ಟ್ ಕೆಟ್ಟದಾಗಿದ್ದರೆ ಎರಡನೆಯದನ್ನು ಕೇಳುತ್ತೇವೆ. ಮೂರು ತಿಂಗಳ ಹಿಂದೆ ಡೆಂಗಿ ಜ್ವರ ಬಂದಿದ್ದರೆ ಇಳಿದಿರುತ್ತದೆ. ಹಿಂದಿನ ದಿನವೇ ಹೆಂಡತಿಯ ಜೊತೆ ಸೇರಿದ್ದರೆ ಕಡಿಮೆ ಬರುತ್ತದೆ. ಎರಡರಿಂದ ಏಳು ದಿನ ಬಿಟ್ಟು ಕೊಡಬೇಕು ಎನ್ನುವುದು ಅದಕ್ಕೇ. ಇನ್ನೊಂದು ಇದೆ, ಅದನ್ನು ಯಾರೂ ಹೇಳುವುದಿಲ್ಲ. ಗಾಬರಿಯಲ್ಲಿ ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದಿರುತ್ತವೆ. ವೀರ್ಯಾಣು ಜಾಸ್ತಿ ಇರುವುದು ಆ ಮೊದಲ ಭಾಗದಲ್ಲೇ. ‘ಪೂರ್ತಿ ಬಂತಾ?’ ಎಂದು ನಾವು ಕೇಳುತ್ತೇವೆ. ನಾಚಿಕೊಂಡು ಹೂಂ ಎನ್ನುತ್ತಾರೆ. ರಿಪೋರ್ಟ್ ಅಲ್ಲಿಗೇ ಕೆಟ್ಟಿತು.

ಪ್ರಸನ್ನ (ಅಡ್ಮಿನ್): ಝುವಾಲಜಿ ಪ್ರಾಕ್ಟಿಕಲ್‌ನಲ್ಲಿ ಸ್ಲೈಡ್ ಒಡೆದವಳು ನೀನೇ ಅಲ್ವಾ? 😄

ಸವಿತಾ: ಈಗ ದಿನವೂ ಅದೇ ಸ್ಲೈಡ್ ನೋಡಿ ಸಂಬಳ ತೆಗೆದುಕೊಳ್ಳುತ್ತೇನೆ. ಸ್ಯಾಂಪಲ್ ಬಂದ ಮೇಲೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತೇವೆ, ಗಟ್ಟಿ ಇದ್ದದ್ದು ನೀರಾಗಲಿ ಎಂದು. ಆಮೇಲೆ ಗೆರೆ ಎಳೆದ ಗಾಜಿನ ಚೌಕದ ಮೇಲೆ ಹನಿ ಇಟ್ಟು ಎಣಿಸುತ್ತೇವೆ. ಕನಿಷ್ಠ 200 ಎಣಿಸಬೇಕು, ಮತ್ತೆ ಇನ್ನೊಂದು ಹನಿಯಲ್ಲಿ 200. ಎರಡು ಲೆಕ್ಕ ತಾಳೆ ಆಗದಿದ್ದರೆ ಮೊದಲಿಂದ. ಕಣ್ಣಂದಾಜಿನಲ್ಲಿ ಬರೆದು ಕೊಡುವ ಲ್ಯಾಬ್‌ಗಳೂ ಇವೆ. ನಿನ್ನ ತಮ್ಮನ ಎರಡು ರಿಪೋರ್ಟೂ ಒಂದೇ ಲ್ಯಾಬಿನದಾ?

ಶಿವಕುಮಾರ: ಮೊದಲನೆಯದು ಒಂದು ಕಡೆ, ಎರಡನೆಯದು ಇನ್ನೊಂದು ಕಡೆ.

ಸವಿತಾ: 🤦‍♀️

ಮಂಜುನಾಥ: ಲ್ಯಾಬ್ ಕಥೆ ಇರಲಿ. ಅರ್ಧಕ್ಕೆ ಇಳಿದಿರುವುದು ಸುಳ್ಳಾ? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಇರ್ಫಾನ್: ಅದು ಪೂರ್ತಿ ಸುಳ್ಳಲ್ಲ. ಜೆರೂಸಲೇಮಿನ ಹಗಾಯ್ ಲೆವಿನ್ ತಂಡ 2017ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿತ್ತು. 2022ರಲ್ಲಿ ಇನ್ನಷ್ಟು ದೇಶಗಳನ್ನು ಸೇರಿಸಿ ಮತ್ತೆ ನೋಡಿತು. 1973ರಲ್ಲಿ ಮಿಲಿಲೀಟರಿಗೆ ಸರಾಸರಿ 101 ಮಿಲಿಯನ್ ಇದ್ದದ್ದು 2018ಕ್ಕೆ 49ಕ್ಕೆ ಇಳಿದಿದೆ ಎಂಬುದು ಅವರ ಲೆಕ್ಕ. ಹಳೆಯ ಕಾಲದ ಎಣಿಕೆಯನ್ನು ಎಷ್ಟು ನಂಬಬೇಕು ಎಂಬ ತಕರಾರು ಇದೆ. ಆದರೆ 49 ಅಂದರೂ ಡಬ್ಲ್ಯುಎಚ್‌ಒ 2021ರಲ್ಲಿ ಹಾಕಿದ ಕೆಳಗೆರೆಗಿಂತ ಎಷ್ಟೋ ಮೇಲೆ. ಆ ಗೆರೆ 16.

ಸವಿತಾ: ಆ 16 ಪಾಸ್ ಮಾರ್ಕ್ ಅಲ್ಲ, ಅದನ್ನೂ ಹೇಳು. ಒಂದು ವರ್ಷದೊಳಗೆ ಹೆಂಡತಿ ಬಸುರಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ನೂರರಲ್ಲಿ ಐದು ಜನ ಆ ಗೆರೆಯ ಕೆಳಗೇ ಇದ್ದರು. ಅಂದರೆ 12 ಇದ್ದವನಿಗೂ ಮಗು ಆಗಿದೆ. 40 ಇದ್ದೂ ಆಗದವರಿದ್ದಾರೆ. ಚಲನೆ ನೋಡಬೇಕು, ಆಕಾರ ನೋಡಬೇಕು, ಹೆಂಡತಿಯ ವಯಸ್ಸು ನೋಡಬೇಕು. ‘ಸರಿಯಾದ ಆಕಾರ 4%’ ಎಂದು ಓದಿ ಮುಖ ಸಣ್ಣ ಮಾಡಿಕೊಂಡು ಕೂತವರನ್ನು ವಾರವಾರ ನೋಡುತ್ತೇನೆ. 4 ಇದ್ದರೆ ಸಾಕು ಮಾರಾಯ, ಅಲ್ಲಿ ಗೆರೆ ಇರುವುದೇ 4ಕ್ಕೆ.

ಶಿವಕುಮಾರ: ಸರಿ, ಪುಡಿಯಿಂದ ನಷ್ಟವಂತೂ ಇಲ್ಲ ತಾನೆ? ಅಶ್ವಗಂಧ ಅಜ್ಜನ ಕಾಲದ್ದು. ನಿಮ್ಮ ಇಂಗ್ಲಿಷ್ ಮಾತ್ರೆಗಿಂತ ವಾಸಿ.

ಇರ್ಫಾನ್: ಅಶ್ವಗಂಧದ ಮೇಲೆ ಸಣ್ಣಪುಟ್ಟ ಅಧ್ಯಯನ ಆಗಿವೆ. ಕೌಂಟ್ ಏರಿತು ಎಂದೂ ಬಂದಿದೆ. ಆದರೆ ಕೊಟ್ಟದ್ದು 90 ದಿನ, ಜನ ಬೆರಳೆಣಿಕೆ. ಮಗು ಹುಟ್ಟಿತಾ ಎಂದು ದೊಡ್ಡ ಮಟ್ಟದಲ್ಲಿ ನೋಡಿಲ್ಲ. ಇಂಗ್ಲಿಷ್ ಮಾತ್ರೆಯ ಕಥೆ ಇನ್ನೂ ಚೆನ್ನಾಗಿದೆ, ಕೇಳು. ಮೆಡಿಕಲ್ ರೆಪ್ ಆಗಿ ಹೇಳುತ್ತೇನೆ, ಝಿಂಕ್ ಮತ್ತು ಫೋಲಿಕ್ ಆಸಿಡ್ ಗಂಡಸರಿಗೆ ಎಂದು ಹೊಳೆಯುವ ಡಬ್ಬಿಯಲ್ಲಿ ಎಲ್ಲ ಕಂಪನಿಯೂ ಮಾರುತ್ತದೆ. ಅಮೆರಿಕದಲ್ಲಿ 2,370 ಜೋಡಿಗಳ ಮೇಲೆ ಆರು ತಿಂಗಳು ಕೊಟ್ಟು ನೋಡಿದರು, 2020ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಲ್ಲಿ ಮಗು ಆದದ್ದು 34%, ಸುಮ್ನೆ ಹಿಟ್ಟಿನ ಮಾತ್ರೆ ತಿಂದವರಲ್ಲಿ 35%.

ಮಂಜುನಾಥ: ಹಿಟ್ಟೇ ಗೆದ್ದಿತಲ್ಲೋ 😂

ನಾಗರತ್ನ: ನೀವೆಲ್ಲ ಕೌಂಟ್ ಮೇಲೇ ಕೂತಿದ್ದೀರಿ. ಪುಡಿಯಿಂದ ನಷ್ಟ ಏನು ಅಂದೆಯಲ್ಲ ಶಿವು, ನಷ್ಟ ಕಾಲದ್ದು. ನನ್ನ ನಾದಿನಿಯ ಕಥೆ ಹೇಳುತ್ತೇನೆ. ವರ್ಷಗಟ್ಟಲೆ ಅವಳನ್ನೇ ಸುತ್ತಿಸಿದರು. ಥೈರಾಯ್ಡ್, ಹಾರ್ಮೋನು, ಗರ್ಭನಾಳ ತೆರೆದಿದೆಯಾ ಎಂದು ನೋಡುವ ಟ್ಯೂಬ್ ಟೆಸ್ಟ್. ಟ್ಯೂಬ್ ಟೆಸ್ಟ್ ದಿನ ಹೊಟ್ಟೆ ಹಿಡಿದುಕೊಂಡು ಆಟೋದಲ್ಲಿ ಮನೆಗೆ ಬಂದಳು. ಆಮೇಲೆ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಹಾಕಿ ನೋಡಿದರು. ನಾಗಪ್ರತಿಷ್ಠೆಯೂ ಆಯಿತು. ಗಂಡನ ಟೆಸ್ಟ್ ಅಂದರೆ ಅತ್ತೆಗೆ ಸಿಟ್ಟು, ‘ನನ್ನ ಮಗನಿಗೆ ಏನು ಧಾಡಿ?’ ಕೊನೆಗೆ ಮಾಡಿಸಿದರೆ ಅವನಲ್ಲಿ ಒಂದೂ ವೀರ್ಯಾಣು ಇಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು. ಅಷ್ಟರಲ್ಲಿ ಅವಳಿಗೆ ಮೂವತ್ತೇಳು.

ಪ್ರಸನ್ನ (ಅಡ್ಮಿನ್): ಒಂದೂ ಇಲ್ಲ ಅಂದರೆ ಮುಗಿದೇ ಹೋಯಿತಾ?

ಸವಿತಾ: ಇಲ್ಲ. ಎರಡು ತರಹ ಇದೆ. ಒಳಗೆ ತಯಾರಾಗುತ್ತಿದೆ ಆದರೆ ದಾರಿ ಕಟ್ಟಿದೆ ಅಂದರೆ ಸೂಜಿ ಹಾಕಿ ವೃಷಣದಿಂದಲೇ ತೆಗೆಯಬಹುದು. ತಯಾರಿಕೆಯೇ ನಿಂತಿದೆ ಅಂದರೆ ಕಷ್ಟ. ಹಾರ್ಮೋನು ನೋಡಬೇಕು, ಕ್ರೋಮೋಸೋಮ್ ನೋಡಬೇಕು. ಆಗಲೂ ಮೈಕ್ರೋಸ್ಕೋಪ್ ಇಟ್ಟು ಆಪರೇಷನ್ ಮಾಡಿ ಹುಡುಕಿದಾಗ ಕೆಲವರಲ್ಲಿ ಸಿಗುತ್ತದೆ. ನಾಗು ಹೇಳಿದ್ದು ನೂರಕ್ಕೆ ನೂರು ಸರಿ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಇವನ ಟೆಸ್ಟಿಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಆದರೂ ಎಲ್ಲಕ್ಕಿಂತ ಕೊನೆಗೆ ಮಾಡಿಸುತ್ತಾರೆ. ಮೊದಲ ದಿನವೇ ಬರೆಯದ ಡಾಕ್ಟರನ್ನು ನಾನಂತೂ ನಂಬುವುದಿಲ್ಲ.

ದೀಪಕ್: ನಾನು ಓದುತ್ತಾ ಇದ್ದೆ. ನನ್ನ ಬಾಮೈದನಿಗೆ ಕೌಂಟ್ ಕಡಿಮೆ ಬಂದಿದೆ. ಜಿಮ್ ಟ್ರೈನರ್ ‘ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸು, ಗಂಡಸುತನ ಏರುತ್ತದೆ’ ಎಂದು ವಾರವಾರ ಹಾಕುತ್ತಿದ್ದಾನೆ. ಅದಾದರೂ ಒಳ್ಳೆಯದು ತಾನೆ?

ಸವಿತಾ: ಇವತ್ತೇ ನಿಲ್ಲಿಸಲು ಹೇಳು!! ನಿಲ್ಲಿಸಿ ನೇರ ಎಂಡೋಕ್ರೈನ್ (ಹಾರ್ಮೋನು) ಡಾಕ್ಟರ ಹತ್ತಿರವೋ ಗಂಡಸರ ಸಂತಾನ ಸಮಸ್ಯೆ ನೋಡುವ ಆಂಡ್ರಾಲಜಿಸ್ಟ್ ಹತ್ತಿರವೋ ಕರೆದುಕೊಂಡು ಹೋಗು. ಹೊರಗಿನಿಂದ ಆ ಹಾರ್ಮೋನು ಹೋದರೆ ಮೆದುಳು ‘ಸಾಕಷ್ಟಿದೆ’ ಅಂದುಕೊಂಡು ವೃಷಣಕ್ಕೆ ಕೆಲಸ ಹೇಳುವುದನ್ನೇ ಬಿಡುತ್ತದೆ. ಕೌಂಟ್ ಸೊನ್ನೆಗೂ ಹೋಗಬಹುದು.

ಇರ್ಫಾನ್: ತಮಾಷೆ ಅಲ್ಲ ದೀಪಕ್. ಇದೇ ಇಂಜೆಕ್ಷನ್ನನ್ನು ವಾರಕ್ಕೆ 200 ಮಿಲಿಗ್ರಾಂ ಕೊಟ್ಟು ಗಂಡಸರ ಗರ್ಭನಿರೋಧಕವಾಗಿ ಕೆಲಸ ಮಾಡುತ್ತದಾ ಎಂದು ಡಬ್ಲ್ಯುಎಚ್‌ಒ ಪರೀಕ್ಷೆ ಮಾಡಿತ್ತು. 1990ರಲ್ಲಿ ವರದಿ ಬಂತು, ಚೆನ್ನಾಗಿಯೇ ಕೆಲಸ ಮಾಡಿತು.

ದೀಪಕ್: ಅಯ್ಯೋ. ನಿಲ್ಲಿಸಿದರೆ ವಾಪಸ್ ಬರುತ್ತದಾ?

ಸವಿತಾ: ಸಾಮಾನ್ಯವಾಗಿ ಬರುತ್ತದೆ. ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷ ದಾಟುತ್ತದೆ. ಬೀಡಿ ಸಿಗರೇಟಿದ್ದರೆ ಅದನ್ನೂ ಬಿಡಲಿ.

ಶಿವಕುಮಾರ: ಹೋಗಲಿ, ಆಸ್ಪತ್ರೆಯವರೇನು ಸಾಚಾನಾ? ಹೋದ ತಕ್ಷಣ ‘ಇಕ್ಸಿ ಮಾಡೋಣ’ ಎನ್ನುತ್ತಾರೆ. ಲಕ್ಷದ ಮೇಲೆ ಬಿಲ್ಲು. ಒಳಗೆ ಯಾರದ್ದನ್ನು ಬೆರೆಸುತ್ತಾರೋ ಯಾರಿಗೆ ಗೊತ್ತು?

ಇರ್ಫಾನ್: ಮೊದಲ ಮಾತಿಗೆ ನನ್ನದೂ ಸಹಿ. ಇಕ್ಸಿ ಅಂದರೆ ಒಂದು ಅಂಡಕ್ಕೆ ಒಂದೇ ವೀರ್ಯಾಣುವನ್ನು ಸೂಜಿಯಲ್ಲಿ ಚುಚ್ಚಿ ಬಿಡುವುದು. 1992ರಲ್ಲಿ ಬ್ರಸೆಲ್ಸ್‌ನವರು ಮಾಡಿ ತೋರಿಸಿದರು. ಕೌಂಟ್ ತೀರಾ ಕಡಿಮೆ ಇದ್ದವರಿಗೆ ಅದು ದೊಡ್ಡ ದಾರಿ. ಗಂಡನ ರಿಪೋರ್ಟ್ ಚೆನ್ನಾಗಿದ್ದಾಗಲೂ ಅದನ್ನೇ ಮಾಡಿದರೆ ಜಾಸ್ತಿ ಲಾಭ ಇಲ್ಲ, ಬಿಲ್ಲು ಮಾತ್ರ ಜಾಸ್ತಿ.

ನಾಗರತ್ನ: ಇನ್ನೊಂದು ನೆನಪಿರಲಿ. ಇಕ್ಸಿಯಲ್ಲಿ ತೊಂದರೆ ಗಂಡನದು, ಇಂಜೆಕ್ಷನ್ ಹೆಂಡತಿಗೆ. ದಿನಾ ಹೊಟ್ಟೆಗೆ ಚುಚ್ಚಿಸಿಕೊಂಡು, ಅರಿವಳಿಕೆ ಕೊಡಿಸಿಕೊಂಡು ಅಂಡ ತೆಗೆಸಿಕೊಂಡು, ಅವಳೇ ಮಲಗಬೇಕು. ಅದಕ್ಕೇ ಸಣ್ಣ ದಾರಿ ಇದ್ದರೆ ಮೊದಲು ಅದನ್ನು ನೋಡಿ ಎನ್ನುವುದು.

ಸವಿತಾ: ಕೌಂಟ್ ಸ್ವಲ್ಪವೇ ಕಡಿಮೆ, ಹೆಂಡತಿಗೆ ವಯಸ್ಸು ಚಿಕ್ಕದು, ಟ್ಯೂಬ್ ಸರಿಯಾಗಿದೆ ಅಂದರೆ ಐಯುಐ ಮಾಡಿ ನೋಡಬಹುದು. ವೀರ್ಯ ತೊಳೆದು ಚುರುಕಾದವನ್ನು ಮಾತ್ರ ಗರ್ಭಕೋಶಕ್ಕೆ ಬಿಡುವುದು. ವೃಷಣದ ರಕ್ತನಾಳ ಕೈಗೆ ಸಿಗುವಷ್ಟು ಉಬ್ಬಿದ್ದರೆ ಅದರ ಆಪರೇಷನ್‌ನಿಂದಲೂ ಕೆಲವರಿಗೆ ಗುಣ ಕಾಣುತ್ತದೆ. ಇನ್ನು ಬೆರೆಸುವ ಮಾತು. ಐವಿಎಫ್‌ನಂಥ ಚಿಕಿತ್ಸೆಗೆಂದೇ 2021ರ ಎಆರ್‌ಟಿ ಕಾಯ್ದೆ ಇದೆ ಶಿವು. ಇಬ್ಬರೂ ಬರೆದು ಒಪ್ಪಿಗೆ ಕೊಡದೆ ಯಾವ ಚಿಕಿತ್ಸೆಯನ್ನೂ ಮಾಡುವ ಹಾಗಿಲ್ಲ. ದಾನಿಯ ವೀರ್ಯ ಬೇಕಾದರೆ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ಒಬ್ಬ ದಾನಿಯದು ಒಂದೇ ಜೋಡಿಗೆ. ಅನುಮಾನ ಇದ್ದರೆ ಸಹಿ ಹಾಕುವ ಮೊದಲು ಕಾಗದ ಓದಲಿ. ಡಬ್ಬಿಯ ಮೇಲೆ ತನ್ನ ಹೆಸರು ತಾನೇ ನೋಡಿ ಕೊಡಲಿ.

ಮಂಜುನಾಥ: (ಈ ಸಂದೇಶವನ್ನು ಅಳಿಸಲಾಗಿದೆ)

ನಾಗರತ್ನ: ಏನು ಅಳಿಸಿದೆ ಮಂಜ? ಇನ್ನೊಂದು ಪುಡಿನಾ?

ಶಿವಕುಮಾರ: ಸವಿತಾ, ಒಂದು ಕೇಳುತ್ತೇನೆ. ತಮ್ಮ ಮೊದಲ ಸಲ ತೀರ್ಥಹಳ್ಳಿಯ ಮನೆಯಲ್ಲೇ ಡಬ್ಬಿಗೆ ಹಾಕಿ, ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದಿದ್ದ. ಆ ರಿಪೋರ್ಟಿನಲ್ಲಿ ಚಲನೆ 12% ಎಂದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸವಿತಾ: ಇದೆ ಕಣೋ! ಸ್ಯಾಂಪಲ್ ಒಂದು ಗಂಟೆಯೊಳಗೆ ಮೈಕ್ರೋಸ್ಕೋಪಿನ ಕೆಳಗೆ ಇರಬೇಕು. ತಣ್ಣಗಾಗಲೂ ಬಾರದು, ಮೈಗೆ ತಾಗುವ ಹಾಗೆ ಒಳಜೇಬಿನಲ್ಲಿ ತರಬೇಕು. ಬಸ್ಸಿನಲ್ಲಿ ಅಷ್ಟು ದೂರ ಬಂದರೆ ಸಂಖ್ಯೆ ಅಷ್ಟೇ ಇರುತ್ತದೆ, ಓಡಾಟ ನಿಂತಿರುತ್ತದೆ. ಆ ರಿಪೋರ್ಟನ್ನು ಲೆಕ್ಕಕ್ಕೇ ಇಡಬೇಡ.

ಶಿವಕುಮಾರ: ಲ್ಯಾಬಿನಲ್ಲಿ ಕೊಡಲು ಅವನಿಗೆ ಮುಜುಗರ.

ಸವಿತಾ: ಬೇರೆ ರೂಮಿದೆ, ಒಳಗಿನಿಂದ ಚಿಲಕ ಇದೆ, ಯಾರೂ ಅವಸರ ಮಾಡುವುದಿಲ್ಲ. ಮೂರು ದಿನ ಬಿಟ್ಟು ಬರಲಿ. ಸೋಪು, ಎಣ್ಣೆ, ಎಂಜಲು ಏನೂ ಬಳಸಬಾರದು. ಅಂಗಡಿಯ ಕಾಂಡೋಮೂ ಬೇಡ, ಅದು ವೀರ್ಯಾಣುವನ್ನು ಕೊಲ್ಲುತ್ತದೆ. ಹೊರಗೆ ಚೆಲ್ಲಿದರೆ ಚೆಲ್ಲಿತು ಎಂದು ಹೇಳಲಿ, ಇನ್ನೊಂದು ದಿನ ಕೊಟ್ಟರಾಯಿತು. ಹಳೆಯ ಎರಡೂ ರಿಪೋರ್ಟ್ ತರಲಿ. ಪುಡಿಯ ಡಬ್ಬಿಯನ್ನೂ ತಂದು ಡಾಕ್ಟರಿಗೆ ತೋರಿಸಲಿ, ಅದರಲ್ಲಿ ಏನೇನು ಬೆರೆಸಿದ್ದಾರೋ ಗೊತ್ತಿಲ್ಲ.

ಶಿವಕುಮಾರ: ಪುಡಿ ಬಿಡು ಎಂದು ನಾನಂತೂ ಹೇಳುವುದಿಲ್ಲ. ಸೋಮವಾರ ಕಳಿಸುತ್ತೇನೆ. ಅವನ ಹೆಂಡತಿಗೆ ಅವತ್ತೇ ಟ್ಯೂಬ್ ಟೆಸ್ಟ್ ಮಾಡಿಸಿಬಿಡಿ ಎಂದು ಯಾರೋ ಹೇಳಿದ್ದಾರೆ. ಮಾಡಿಸಲಾ?

ಸವಿತಾ: ಅವಳ ರಕ್ತಪರೀಕ್ಷೆ ಬೇಕಾದರೆ ಆಗಲಿ. ಟ್ಯೂಬ್ ಟೆಸ್ಟನ್ನು ಇವನ ರಿಪೋರ್ಟ್ ಬಂದ ಮೇಲೆ ಮಾಡಬಹುದಾ ಎಂದು ಡಾಕ್ಟರನ್ನು ಕೇಳಿ. ಒಂಬತ್ತೂವರೆಗೆ ಬರಲು ಹೇಳು, ನಾನೇ ಇರುತ್ತೇನೆ.