ಪದಚರ್ಚೆ: ಹರಿಯುವಾಗಲೂ ಅದು ‘ಹೂಳು’ ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಹೊಳೆಗಳಲ್ಲಿ ಕಲ್ಲು, ಮರಳು, ಮಣ್ಣು ಹೇಗೆ ಸಾಗುತ್ತವೆ ಎಂಬುದರ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೂರು ದಿನಗಳಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ಸಾಲ್ಮನ್ ಸಂತತಿ ಉಳಿಯಬೇಕಾದರೆ ಹೊಳೆಗೆ ಸೆಡಿಮೆಂಟ್, ಅಂದರೆ ನೀರು ಹೊತ್ತು ತರುವ ಕಲ್ಲು, ಮರಳು, ಮಣ್ಣು, ಬರುತ್ತಲೇ ಇರಬೇಕು ಎಂಬುದು ಅದರ ಅರ್ಥ. ಸೆಡಿಮೆಂಟ್ ಇದ್ದ ಕಡೆ ‘ಹೂಳು’ ಎಂದು ಬರೆದು ಓದಿಕೊಂಡೆ: ‘ಹೊಳೆಗೆ ಹೂಳು ಬರುತ್ತಲೇ ಇರಬೇಕು.’ ಬೆಂಗಳೂರಿನ ಯಾವ ಮಗುವೂ ಇದನ್ನು ಒಪ್ಪುವುದಿಲ್ಲ. ಕೆರೆಯ ಹೂಳೆತ್ತಬೇಕು, ರಾಜಕಾಲುವೆಯ ಹೂಳೆತ್ತಬೇಕು ಎಂದೇ ಕೇಳಿ ಬೆಳೆದ ಕಿವಿಗಳು ಅವು. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹೂಳು ಎಂದರೆ ತೆಗೆದು ಹೊರಹಾಕಬೇಕಾದದ್ದು ಎಂದು ನಮ್ಮ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿದೆ.

ನನ್ನ ತಕರಾರು ಅಷ್ಟಕ್ಕೇ ನಿಲ್ಲುವುದಿಲ್ಲ. ‘ಹೂಳು’ ಎಂಬುದು ಕ್ರಿಯಾಪದವೂ ಹೌದು: ಹುಗಿ, ಮಣ್ಣಿನಲ್ಲಿ ಮುಚ್ಚು. ತಳದಲ್ಲಿ ಕುಳಿತು ಇನ್ನೊಂದನ್ನು ಮುಚ್ಚಿದ ಮೇಲಷ್ಟೇ ಮಣ್ಣಿಗೆ ಆ ಹೆಸರು ಸಲ್ಲುತ್ತದೆ. ಅದೇ ಮಣ್ಣು ಹರಿವಿನಲ್ಲಿ ಇರುವಾಗ ನೀರು ಬಗ್ಗಡವಾಗಿದೆ, ಕದಡಿದೆ, ರಾಡಿಯಾಗಿದೆ ಎನ್ನುತ್ತೇವೆ. ಮಳೆಗಾಲದ ಮೊದಲ ಪ್ರವಾಹವನ್ನು ಕೆನ್ನೀರು ಎನ್ನುತ್ತೇವೆ. ಅಲ್ಲೆಲ್ಲ ಹೆಸರು ನೀರಿನದು, ಮಣ್ಣಿನದಲ್ಲ. ಇಂಗ್ಲಿಷಿನ ಸಿಲ್ಟ್ ವಿಜ್ಞಾನಿಗಳಿಗೆ ಕಣದ ಗಾತ್ರದ ಹೆಸರು. ಅಮೆರಿಕದ ಭೂವಿಜ್ಞಾನಿ ವೆಂಟ್‌ವರ್ತ್ 1922ರಲ್ಲಿ ಕೊಟ್ಟ ಅಳತೆಯ ಪ್ರಕಾರ 2 ಮಿಲಿಮೀಟರ್‌ಗಿಂತ ದೊಡ್ಡದು ಗ್ರಾವೆಲ್, ಅಲ್ಲಿಂದ ಮಿಲಿಮೀಟರಿನ ಹದಿನಾರನೇ ಒಂದು ಭಾಗದವರೆಗೆ ಮರಳು, ಅದಕ್ಕೂ ಸಣ್ಣದು ಸಿಲ್ಟ್, ಎಲ್ಲಕ್ಕಿಂತ ನುಣ್ಣಗಿನದು ಜೇಡಿ. ಸಿಲ್ಟ್ ನೀರಿನಲ್ಲಿ ಸಾಗುತ್ತಿದ್ದರೂ ಸಿಲ್ಟೇ. ನಮ್ಮ ಹೂಳು ಗಾತ್ರದ ಮಾತಲ್ಲ, ಸ್ಥಿತಿಯ ಮಾತು. ಇವೆರಡನ್ನೂ ಸಮ ಎಂದು ನಿಘಂಟಿನಲ್ಲಿ ಪಕ್ಕಪಕ್ಕ ಕೂರಿಸಿದಾಗ ತೊಡಕು ಶುರುವಾಗುತ್ತದೆ. ಗಾತ್ರ ಹೇಳಬೇಕಾದ ಕಡೆ ‘ಗೋಡು’ ಎಂದರೆ ಹೇಗೆ? ಕೆರೆಯ ಗೋಡನ್ನು ಹೊಲಕ್ಕೆ ಹೊಡೆಸಿದವರಿಗೆ ಅದರ ನುಣುಪು ಕೈಯಲ್ಲೇ ಗೊತ್ತು.

ಈಗ ಹೊಳೆಯ ಕಡೆ ಬರುತ್ತೇನೆ. ಹೆಣ್ಣು ಸಾಲ್ಮನ್ ಕಲ್ಲುತಳದ ಮೇಲೆ ಮಗ್ಗುಲಾಗಿ ಹೊರಳಿ ಬಾಲವನ್ನು ಬಡಿಯುತ್ತದೆ. ಬಡಿತಕ್ಕೆ ತಳ ಸಡಿಲಾಗಿ ಏಳುತ್ತದೆ. ನುಣ್ಣನೆಯ ಮಣ್ಣು ಹೊಗೆಯಂತೆ ಎದ್ದು ಹರಿವಿನ ಜೊತೆ ದೂರ ಹೋಗುತ್ತದೆ, ಮರಳು ಸ್ವಲ್ಪ ದೂರ ಹೋಗಿ ಬೀಳುತ್ತದೆ, ಕಲ್ಲುಗಳು ಕುಳಿಯ ಕೆಳಬದಿಯಲ್ಲೇ ಗುಡ್ಡೆಯಾಗುತ್ತವೆ. ಇದನ್ನು ಓದುವಾಗ ನನಗೆ ನೆನಪಾದದ್ದು ಅಮ್ಮ ಎರಡು ಪಾತ್ರೆ ಇಟ್ಟುಕೊಂಡು ರಾಗಿ ಜಾಲಿಸುತ್ತಿದ್ದುದು. ಪಾತ್ರೆಯನ್ನು ಓರೆ ಮಾಡಿ ಅಲುಗಿಸಿದಂತೆಲ್ಲ ಹಗುರಾದ ಕಾಳು ನೀರಿನ ಜೊತೆ ಆಚೆ ಪಾತ್ರೆಗೆ ದಾಟುತ್ತಿತ್ತು, ಕಲ್ಲು ತಳದಲ್ಲಿ ಉಳಿಯುತ್ತಿತ್ತು. ಮೀನು ಮಾಡುವುದೂ ಅದನ್ನೇ. ಅದಕ್ಕೆ ಬೇಕಾದದ್ದು ಮಾತ್ರ ತಳದಲ್ಲಿ ಉಳಿಯುವ ಕಲ್ಲು. ಆದ್ದರಿಂದ ‘ಮೀನು ಹೊಳೆಯ ತಳವನ್ನು ಜಾಲಿಸುತ್ತದೆ’ ಎಂದು ಬರೆದಿದ್ದೇನೆ. ಈ ಒಂದು ಪದವನ್ನು ನಾನು ಬಿಟ್ಟುಕೊಡುವುದಿಲ್ಲ.

ಮೊಟ್ಟೆಯಿಟ್ಟ ಮೇಲೆ ಅದು ತುಸು ಮೇಲ್ಬದಿಗೆ ಸರಿದು ಮತ್ತೆ ಅಗೆಯುತ್ತದೆ. ಅಲ್ಲಿಂದ ಎದ್ದ ಕಲ್ಲು ಹರಿವಿನಲ್ಲಿ ಬಂದು ಮೊಟ್ಟೆಗಳನ್ನು ಮುಚ್ಚುತ್ತದೆ. ಅಂದರೆ ತಾಯಿಯೇ ಮೊಟ್ಟೆಗಳನ್ನು ಹೂಳುತ್ತದೆ. ಕಲ್ಲುಗಳ ಸಂದಿನಲ್ಲಿ ನೀರು ಓಡಾಡುವ ತನಕ ಮೊಟ್ಟೆಗೆ ಆಮ್ಲಜನಕ ಸಿಗುತ್ತದೆ. ಮೇಲ್ಗಡೆ ಕಾಡು ಕಡಿದದ್ದರಿಂದಲೋ ರಸ್ತೆ ಅಗೆದದ್ದರಿಂದಲೋ ನುಣ್ಣನೆಯ ಮಣ್ಣು ಬಂದು ಸಂದುಗಳಲ್ಲಿ ಕುಳಿತರೆ ಮೊಟ್ಟೆಗಳು ಉಸಿರುಗಟ್ಟುತ್ತವೆ, ಒಡೆದು ಬಂದ ಮರಿಗಳಿಗೂ ಮೇಲೇರಲು ದಾರಿ ಇರುವುದಿಲ್ಲ. ‘ಹೂಳು’ ನಿಜವಾಗಿ ಸಲ್ಲುವ ಜಾಗ ಇದು. ತಾಯಿ ಹೂಳಿದ್ದು ಕಾಯುತ್ತದೆ, ಹೊಳೆ ತಂದ ಹೂಳು ಕೊಲ್ಲುತ್ತದೆ. ಒಂದೇ ಪದ ಎರಡೂ ಕಡೆ ಬರುವುದು ಮಕ್ಕಳಿಗೆ ಗೊಂದಲವಾದೀತೇ ಅಥವಾ ವಿಷಯ ಇನ್ನಷ್ಟು ಗಟ್ಟಿಯಾಗಿ ನಾಟೀತೇ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಮೀನು ಮೊಟ್ಟೆಯಿಡಲು ಅಗೆಯುವ ಆ ಕುಳಿಗೆ ಇಂಗ್ಲಿಷಿನಲ್ಲಿ ರೆಡ್ (redd) ಎಂಬ ಪ್ರತ್ಯೇಕ ಹೆಸರಿದೆ. ‘ಗೂಡು’ ಎಂದರೆ ಹಕ್ಕಿ ಕಣ್ಣ ಮುಂದೆ ಬರುತ್ತದೆ. ‘ಮೊಟ್ಟೆಗುಳಿ’ ಎಂದು ಕಟ್ಟಿಕೊಂಡಿದ್ದೇನೆ.

ಹೆಚ್ಚು ಕಷ್ಟವಾಗಿರುವುದು ಆ ಕಲ್ಲಿನ ಹೆಸರು. ಮೀನು ತನ್ನ ದೇಹದ ಉದ್ದದ ಸುಮಾರು ಹತ್ತನೇ ಒಂದು ಭಾಗದಷ್ಟು ಅಗಲದ ಕಲ್ಲುಗಳಿರುವ ತಳವನ್ನು ಅಗೆಯಬಲ್ಲದು. 70 ಸೆಂಟಿಮೀಟರ್ ಮೀನಿಗೆ 7 ಸೆಂಟಿಮೀಟರ್. ‘ಜಲ್ಲಿ’ ಎಂದರೆ ಬೆಂಗಳೂರಿನವರಿಗೆ ಕಟ್ಟಡದ ಮುಂದೆ ರಾಶಿ ಸುರಿದ, ಕ್ರಷರ್‌ನಲ್ಲಿ ಒಡೆದ ಚೂಪು ಅಂಚಿನ ಕಲ್ಲು. ಹೊಳೆಯ ಕಲ್ಲು ಉರುಳಿ ಉರುಳಿ ಅಂಚು ಕಳೆದುಕೊಂಡದ್ದು. ‘ನೊರಜುಗಲ್ಲು’ ಚೆನ್ನಾಗಿದೆ, ಆದರೆ ತೀರಾ ಸಣ್ಣದೆನಿಸುತ್ತದೆ. ‘ಉರುಟುಕಲ್ಲು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಈ ಉರುಟುಕಲ್ಲೇ ಅಣೆಕಟ್ಟಿನ ಹಿಂದೆ ಸಿಕ್ಕಿಕೊಂಡು ಕೆಳಗಿನ ಹೊಳೆಗೆ ಇಲ್ಲವಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯಲ್ಲಿ ಕೆಸ್ವಿಕ್ ಅಣೆಕಟ್ಟಿನ ಕೆಳಗೆ ಸಾಲ್ಮನ್‌ಗಾಗಿ ಲಾರಿಗಳಲ್ಲಿ ಕಲ್ಲು ತಂದು ಸುರಿಯುತ್ತಾರೆ. ನಾವು ಹೂಳೆತ್ತಲು ಲಾರಿ ಕಳಿಸುವವರು, ಅವರು ಸೆಡಿಮೆಂಟ್ ತುಂಬಲು ಕಳಿಸುತ್ತಾರೆ. ಒಂದೇ ಪದವನ್ನು ಎರಡಕ್ಕೂ ಬಳಸಿದರೆ ಓದುವವರಿಗೆ ಏನು ಅರ್ಥವಾದೀತು?

ಶಾಲೆಯ ಭೂಗೋಳದಲ್ಲಿ ಸವೆತ, ಸಾಗಾಣಿಕೆ, ಸಂಚಯನ ಎಂದು ಕಲಿತಿದ್ದೇವೆ. ಮೂರೂ ಕೆಲಸದ ಹೆಸರುಗಳು. ಸಾಗುವ ವಸ್ತುವಿಗೆ ಅಲ್ಲಿ ಹೆಸರಿಲ್ಲ. ನನಗೆ ಹೊಳೆದದ್ದು ‘ಹೊಳೆಹೊರೆ’. ಹೊಳೆ ಹೊತ್ತು ತರುವುದೆಲ್ಲ ಅದರ ಹೊರೆ: ತಳದಲ್ಲಿ ಉರುಳುತ್ತ, ಜಾರುತ್ತ, ಕುಪ್ಪಳಿಸುತ್ತ ಸಾಗುವುದು ‘ಉರುಳುಹೊರೆ’, ನೀರಿನಲ್ಲಿ ಕದಡಿಕೊಂಡು ಸಾಗುವುದು ‘ಕದಡುಹೊರೆ’. ‘ತೇಲುಹೊರೆ’ ಬೇಡ ಅನ್ನಿಸಿತು, ಮಣ್ಣಿನ ಕಣ ತೇಲುವುದಿಲ್ಲ, ನೀರಿನ ಸುಳಿಗಳು ಅದನ್ನು ಎತ್ತಿ ಹಿಡಿದಿರುತ್ತವೆ. ಈ ಪದಗಳಿದ್ದರೆ ಒಂದು ಸೊಗಸಾದ ಸಂಗತಿಯನ್ನು ನೇರವಾಗಿ ಹೇಳಬಹುದು: ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕೆಲವು ಹೊಳೆಗಳಲ್ಲಿ ವರ್ಷದ ಉರುಳುಹೊರೆಯ ಹೆಚ್ಚುಕಡಿಮೆ ಅರ್ಧದಷ್ಟನ್ನು ಸಾಲ್ಮನ್‌ಗಳೇ ಬಾಲದಿಂದ ಸಾಗಿಸುತ್ತವೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಬಲ್ಲವರಲ್ಲಿ ಕೇಳಿಕೊಳ್ಳುವುದು ಇಷ್ಟು. ಮಳೆಗಾಲ ಮುಗಿದು ನೀರಿಳಿದಾಗ ಹೊಳೆಯ ನಡುವೆ ಹೊಸದಾಗಿ ಎದ್ದಿರುವ ಕಲ್ಲಿನ ದಿಣ್ಣೆಗೆ ತುಂಗಾ, ಹೇಮಾವತಿ, ಶರಾವತಿ ತೀರದ ಊರುಗಳಲ್ಲಿ ಏನೆನ್ನುತ್ತಾರೆ? ಮುಷ್ಟಿ ತುಂಬುವಷ್ಟು ದೊಡ್ಡ, ಉರುಟಾದ ಹೊಳೆಗಲ್ಲಿಗೆ ನಿಮ್ಮ ಮನೆಯ ಹಿರಿಯರು ಬಳಸುವ ಹೆಸರು ಯಾವುದು? ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಗದ್ದೆಯ ಕಡೆ ಏರುವ ಮೀನನ್ನು ‘ಹತ್ತುಮೀನು’ ಎನ್ನುತ್ತಾರಲ್ಲ, ಕಡಲಿನಿಂದ ಹೊಳೆ ಹತ್ತಿ ಬರುವ ಸಾಲ್ಮನ್‌ಗೂ ಆ ಪದವನ್ನು ಬಳಸಿದರೆ ಅಲ್ಲಿಯವರ ಕಿವಿಗೆ ಒಗ್ಗುತ್ತದೆಯೇ?